ಮಾಸ್‌ಗೂ ಸೀ ಸ್ಲಗ್‌ಗೂ ಒಂದೇ ಫಾರ್ಮ್ ಸಾಕಾಗುತ್ತಾ?

ಮ್ಯೂಸಿಯಂ ಸ್ಪೆಸಿಮನ್‌ಗಳ ವಿವರ ಡೇಟಾಬೇಸ್‌ಗೆ ಹಾಕೋದು ನನ್ ಕೆಲಸ. ಎಲ್ಲಾ ಜೀವಿಗಳಿಗೂ ಒಂದೇ ಫಾರ್ಮ್ ಮಾಡ್ಬಿಡೋಣ ಅಂತ ಯಾರಾದ್ರೂ ಮೀಟಿಂಗಲ್ಲಿ ಅಂದಾಗೆಲ್ಲ ನಾನು ಎರಡು ಹೆಸರು ಕೊಡ್ತೀನಿ, ಸ್ಪ್ಲಾಕ್ನಮ್ ಲೂಟಿಯಮ್ ಅನ್ನೋ ಅಪರೂಪದ ಮಾಸು (ಹಾವಸೆ ಥರದ ಪುಟ್ಟ ಹೂವಿಲ್ಲದ ಗಿಡ), ಇಯೋಲಿಡಿಯಾ ಪ್ಯಾಪಿಲೋಸಾ ಅನ್ನೋ ಮಾಮೂಲಿ ಸೀ ಸ್ಲಗ್ಗು (ಚಿಪ್ಪಿಲ್ಲದ ಕಡಲ ಬಸವನಹುಳು). ಇವೆರಡನ್ನ ಅದೇ ಫಾರ್ಮಲ್ಲಿ ತುಂಬಿಸಿ ತೋರ್ಸಿ ನೋಡೋಣ.

ಮಾಸ್ ಇರೋದು ಉತ್ತರದ ಚಳಿ ಕಾಡುಗಳಲ್ಲಿ, ಅದೂ ಹೆಚ್ಚಾಗಿ ಮೂಸ್ ಅನ್ನೋ ದೊಡ್ಡ ಜಿಂಕೆಯ ಹಿಕ್ಕೆ ಮೇಲೆ. ತುದೀಲಿ ಹಳದಿ ಕೊಡೆ ಬಿಚ್ಚಿಟ್ಟ ಹಾಗಿರುತ್ತೆ, ವಾಸನೆ ಬೇರೆ, ಅದಕ್ಕೆ ನೊಣ ಬಂದು ಕೂತ್ರೆ ಅಂಟಂಟು ಬೀಜಕಣ ಮೈಗೆ ಮೆತ್ಕೊಂಡು ಮುಂದಿನ ಹಸಿ ಹಿಕ್ಕೆವರೆಗೂ ಹೋಗುತ್ತೆ. ಹಾಗಾಗಿ ಯಾವುದ್ರ ಮೇಲೆ ಬೆಳೆದಿತ್ತು ಅನ್ನೋ ಕಾಲಂ ಖಾಲಿ ಬಿಟ್ರೆ ಆ ಎಂಟ್ರಿ ಅರ್ಧಂಬರ್ಧ. ಇನ್ನು "ಎಷ್ಟು ಜೀವಿ" ಅನ್ನೋ ಕಾಲಮ್ಮು! ಒಂದು ಗುಂಪಲ್ಲಿ ಒತ್ತೊತ್ತಾಗಿ ಎದ್ದಿರೋ ಎಳೆಗಳಲ್ಲಿ ಯಾವುದು ಯಾವ ಬೀಜಕಣದ್ದು ಅಂತ ಬರೀ ಕಣ್ಣಲ್ಲಿ ನೋಡಿ ಹೇಳೋಕಾಗುತ್ತಾ? ಏನಾದ್ರೂ ಹಾಕ್ಲೇಬೇಕು ಅಂತ ಸಾಫ್ಟ್‌ವೇರ್ ಹಠ ಹಿಡಿದ್ರೆ ಜನ 1 ಅಂತ ಹೊಡ್ದು ಮುಂದೆ ಹೋಗ್ತಾರೆ.

ಸ್ಲಗ್ಗನ್ನ ಎಣಿಸೋದು ಸುಲಭ, ಕಷ್ಟ ಬೇರೆ ಕಡೆ. ಆಲ್ಕೋಹಾಲ್‌ಗೆ ಹಾಕಿದ್ರೆ ಬಣ್ಣ ಹೋಗುತ್ತೆ, ಮೈ ಮುದುಡುತ್ತೆ, ಅದಕ್ಕೇ ಜೀವ ಇದ್ದಾಗಲೇ ತೆಗೆದ ಫೋಟೋ, ಆಗಲೇ ಅಳೆದ ಉದ್ದ ಬೇಕು. ಮಾಸ್‌ಗೆ ಈ ತಾಪತ್ರಯ ಕಮ್ಮಿ, ಪೇಪರ್ ಪೊಟ್ಟಣದಲ್ಲಿ ವರ್ಷಗಟ್ಲೆ ಒಣಗಿ ಬಿದ್ದಿದ್ರೂ ನೀರು ಹಾಕಿದ್ರೆ ಎಲೆ ಬಿಚ್ಕೊಳುತ್ತೆ, ಮೈಕ್ರೋಸ್ಕೋಪಲ್ಲಿ ನೋಡ್ಬಹುದು.

"ಮಾಮೂಲಿ" ಅನ್ನೋ ಟ್ಯಾಗ್ ಮೇಲೂ ನಂಗೆ ಅಷ್ಟು ನಂಬಿಕೆ ಇಲ್ಲ. ಈ ಸ್ಲಗ್ ಹೆಸರಲ್ಲಿ ಸೇರಿಸಿಟ್ಟಿದ್ದು ಒಂದೇ ಜಾತಿ ಅಲ್ಲ ಅಂತ 2016ರಲ್ಲಿ ಗೊತ್ತಾಯ್ತು, ಫೋಟೋ ಇಲ್ದೆ ಅಂಗಾಂಶ ಇಲ್ದೆ ಬರೀ ಹೆಸರು ಬರ್ಕೊಂಡಿರೋ ಹಳೇ ಎಂಟ್ರಿಗಳು ಯಾವ ಜಾತೀದು ಅಂತ ಈಗ ಹೇಗೆ ಹೇಳೋದು?

ಹೆಸರಿಟ್ಟವರ ಕಾಲಮ್ಮೂ ಹಂಗೇ. ಸ್ಲಗ್‌ಗೆ ಲಿನೇಯಸ್, 1761 ಅಂತ ಬ್ರಾಕೆಟ್ ಒಳಗೆ ಬರೀಬೇಕು, ಮೊದ್ಲು ಬೇರೆ ಕುಲದಲ್ಲಿ (ಜೀನಸ್) ಇತ್ತು ಅಂತ ಅದರರ್ಥ. ಮಾಸ್‌ಗೆ ಹೆಡ್ವಿಗ್ ಅಂದ್ರೆ ಸಾಕು, ಬ್ರಾಕೆಟ್ಟೂ ಇಲ್ಲ, ಸಾಮಾನ್ಯವಾಗಿ ವರ್ಷಾನೂ ಬರಿಯಲ್ಲ. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗೋದು 1758ರಿಂದ, ಈ ಥರ ಮಾಸ್‌ಗಳದ್ದು 1801ರಿಂದ, ಅದಕ್ಕೆ ಮುಂಚೆ ಯಾರೇ ಹೆಸರಿಟ್ಟಿರ್ಲಿ ಲೆಕ್ಕಕ್ಕಿಲ್ಲ. ವರ್ಷ ಕಡ್ಡಾಯ ಅಂತ ಫಾರ್ಮಲ್ಲಿ ಸೆಟ್ ಮಾಡಿದ್ರೆ ಸಸ್ಯ ವಿಭಾಗದವ್ರ ಅರ್ಧ ಎಂಟ್ರಿ ಸೇವ್ ಆಗಲ್ಲ.

ಜಾಗ, ತಾರೀಖು, ಸಂಗ್ರಹಿಸಿದವ್ರ ಹೆಸರು, ಸ್ಪೆಸಿಮನ್ ನಂಬರ್, ಇಷ್ಟು ಎಲ್ಲರಿಗೂ ಒಂದೇ ಇರ್ಲಿ. ಮಿಕ್ಕಿದ್ದು ಆಯಾ ವಿಭಾಗದವ್ರನ್ನ ಕೇಳಿ ಮಾಡಿ.