ಮರಡಿಹಳ್ಳಿಯ ಸಮುದ್ರ

"ಮಾಮಾ, ಇಲ್ಲಿ ಸಮುದ್ರ ಇತ್ತು ಅಂತೀಯಲ್ಲ, ಯಾರು ನೋಡಿದ್ರು?"

ಇವತ್ತು ಮರಡಿಹಳ್ಳಿಯ ಕಲ್ಲುಗಳ ಮುಂದೆ ಅಕ್ಕನ ಮಗ ಕೇಳಿದ್ದು. ಸುತ್ತ ಜಾಲಿ, ಧೂಳು, ಬಿಸಿಲು. ಚಿತ್ರದುರ್ಗ ಜಿಲ್ಲೆ ಸ್ವಾಮಿ. ಕೊಳವೆಬಾವಿಗೇ ನೀರಿಲ್ಲ, ಸಮುದ್ರ ಎಲ್ಲಿಂದ ಬರಬೇಕು!

ಆದರೆ ಕಲ್ಲು ನೋಡಿ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗಿದೆ. ಲಾವಾ ನೀರೊಳಗೆ ಉಕ್ಕಿದರೆ ಹೊರಮೈ ತಕ್ಷಣ ತಣ್ಣಗಾಗಿ ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ಕುದಿತ. ಸಿಪ್ಪೆ ಒಡೆದು ಇನ್ನೊಂದು ಉಂಡೆ ಹೊರಗೆ. ಹವಾಯಿಯ ಕಡಲಲ್ಲಿ ಡೈವರ್‌ಗಳು ಇದನ್ನು ಕಣ್ಣಾರೆ ನೋಡಿದ್ದಾರೆ, ಚಿತ್ರೀಕರಿಸಿದ್ದಾರೆ. ಅಲ್ಲಿ ಹೀಗೆ ಆದರೆ ಇಲ್ಲೂ ಹೀಗೇ ಆಗಿರಬೇಕು, ಅಷ್ಟೇ ಲೆಕ್ಕ. ಇದು ಸುಮಾರು 250 ಕೋಟಿ ವರ್ಷ ಹಳೆಯದು ಅನ್ನೋದೊಂದೇ ವ್ಯತ್ಯಾಸ. (ಒಂದೇ!)

"ಮೀನು ಇತ್ತಾ?"

ಇಲ್ಲ ಕಣೋ. ಆಗ ಬರೀ ಸೂಕ್ಷ್ಮಜೀವಿಗಳು. ಮೀನು ಬರೋಕೆ ಇನ್ನೂ ಸುಮಾರು 200 ಕೋಟಿ ವರ್ಷ ಬೇಕಿತ್ತು. ಅವನಿಗೆ ಬೇಜಾರಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ಈ ದಿಂಬುಗಳ ಬುಡದ ವಿಷಯ. ಮೇಲ್ಭಾಗ ಉಬ್ಬಿ ದುಂಡಗಿರುತ್ತದೆ. ಕೆಳಗೆ ಚೂಪು. ಯಾಕಂದ್ರೆ ಮೆತ್ತಗಿರುವಾಗಲೇ ಅದು ಕೆಳಗಿನ ಎರಡು ದಿಂಬುಗಳ ಸಂದಿಗೆ ಜಗ್ಗಿ ಕೂತಿರುತ್ತದೆ. ಆಮೇಲೆ ಪದರಗಳೆಲ್ಲ ಮಡಿಚಿ, ಮಗುಚಿ ಬಿದ್ದರೂ ಆ ಚೂಪು ನೋಡಿ ಯಾವುದು ಮೇಲಿತ್ತು, ಯಾವುದು ಮೊದಲು ಬಂತು ಅಂತ ಹೇಳಬಹುದು. ವಯಸ್ಸು ಗೊತ್ತಾಗೋಕೆ ಲ್ಯಾಬ್ ಬೇಕು, ಸರಿ. ಇದಕ್ಕೆ ಮೊಣಕಾಲೂರಿ ಕೂತರೆ ಸಾಕು, ಅಲ್ವಾ?

ಆ ಕಡೆ ಹೋದರೆ ಬುಡ ನೋಡಿ ಬನ್ನಿ. ಸುತ್ತಿಗೆ ಮಾತ್ರ ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.