‘ಆರ್ಫನ್ಸ್ ಆಫ್ ದಿ ಸ್ಟಾರ್ಮ್’ಗೆ ಕನ್ನಡ ಟೈಟಲ್ ಕಾರ್ಡು: ಕೆಲಸ ಎಲ್ಲಿಗೆ ಬಂತು

ಡಿ.ಡಬ್ಲ್ಯೂ. ಗ್ರಿಫಿತ್ ಅವರ 1921ರ ಈ ಮೂಕಿ ಚಿತ್ರದ ಟೈಟಲ್ ಕಾರ್ಡುಗಳನ್ನು, ಅಂದರೆ ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು, ಕನ್ನಡಕ್ಕೆ ತರುತ್ತಿದ್ದೇವೆ. ಚಿತ್ರದ ವೇಗ ಗೊತ್ತುಮಾಡಿದ್ದಾಯಿತು: ಸೆಕೆಂಡಿಗೆ 20 ಫ್ರೇಮ್. ಕೈಯಲ್ಲಿರುವ ಫೈಲು 24ರದ್ದು, ಪ್ರತಿ 5 ಫ್ರೇಮಿಗೆ ಒಂದು ನಕಲು ಸೇರಿಸಿ ಹಿಗ್ಗಿಸಿದ್ದು. ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಡೆಸಿಮೇಟ್ ಫಿಲ್ಟರಿಗೆ ಸೈಕಲ್ 6 (ಆರು ಫ್ರೇಮಿಗೆ ಒಂದನ್ನು ತೆಗೆ ಎಂದು) ಕೊಟ್ಟರೆ ನಕಲುಗಳು ಉದುರುತ್ತವೆ. ಅದರದೇ ಇನ್ನೊಂದು ಫಿಲ್ಟರ್ ಎಂಪಿಡೆಸಿಮೇಟ್ ಬೇಡ, ಅಲ್ಲಾಡದ ಕಾರ್ಡಿನ ಫ್ರೇಮುಗಳನ್ನೂ ನಕಲೆಂದು ತೆಗೆದುಹಾಕಿ ಲೆಕ್ಕ ಕೆಡಿಸುತ್ತದೆ.

ವೇಗ ಪರೀಕ್ಷಿಸಲು ಕುದುರೆ ಓಟ ನೋಡಿದರೆ ಸಾಲದು. ಬೀದಿಯಲ್ಲಿ ಹಾಡುತ್ತಿರುವ ಕುರುಡಿ ತಂಗಿ ಲೂಯಿಸ್‌ಳ ದನಿ ಮೇಲಿನ ಕೋಣೆಯಲ್ಲಿರುವ ಹೆನ್ರಿಯೆಟ್‌ಗೆ ಕೇಳಿಸುವ ದೃಶ್ಯ ನೋಡಬೇಕು. ಹೆನ್ರಿಯೆಟ್ ಆಗಿರುವ ಲಿಲಿಯನ್ ಗಿಶ್ ಮುಖದಲ್ಲಿ ಅನುಮಾನ ನಂಬಿಕೆಯಾಗುವುದು ಎಷ್ಟು ನಿಧಾನ, ಎಷ್ಟು ಚೆಂದ! ನಕಲಿಲ್ಲದ ಫ್ರೇಮುಗಳನ್ನು 24ರಲ್ಲಿ ಓಡಿಸಿದರೆ ಅದು ಬರೀ ಬೆಚ್ಚಿಬಿದ್ದಂತೆ ಕಾಣುತ್ತದೆ.

ಕಾರ್ಡಿನ ಅಳತೆ 1440×1080, ಅಕ್ಷರ ನೋಟೊ ಸೆರಿಫ್ ಕನ್ನಡ, 64 ಪಿಕ್ಸೆಲ್. ಸಾಲಿನ ಅಂತರ 1.6ಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಚಿತ್ರ ತಂತ್ರಾಂಶ ಇಮೇಜ್‌ಮ್ಯಾಜಿಕ್‌ನಲ್ಲಿ ಅಕ್ಷರ ಜೋಡಿಸುವ ಪ್ಯಾಂಗೊ ಮೂಲಕವೇ ಬರೆಸಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುವ ಅಪಾಯವಿದೆ. ಅಕ್ಷರದ ಬಿಳುಪು ಪೂರ್ತಿ 255 ಬೇಡ, 220 ಸಾಕು. ಹಳೆಯ ಫಿಲ್ಮ್ ನಡುವೆ ನಿಶ್ಚಲ ಡಿಜಿಟಲ್ ಕಾರ್ಡು ಅಂಟಿಸಿದಂತೆ ಕಾಣುವುದರಿಂದ ಒಂದೆರಡು ಪಿಕ್ಸೆಲ್ ಅಲುಗಾಟ, ತುಸು ಗ್ರೇನ್ (ಫಿಲ್ಮಿನ ಕಾಳುಕಾಳು) ಸೇರಿಸಿದ್ದೇವೆ.

ಅವಧಿಗೆ ನಮ್ಮ ಸೂತ್ರ: ಪದಕ್ಕೆ 15 ಫ್ರೇಮ್, ಮೇಲೆ 20. ಎಂಟು ಪದದ ಕಾರ್ಡಿಗೆ 140 ಫ್ರೇಮ್, ಅಂದರೆ 7 ಸೆಕೆಂಡು. ಮೂಲ ಕಾರ್ಡು ಇದಕ್ಕಿಂತ ಚಿಕ್ಕದಿದ್ದರೆ ಹಿಗ್ಗಿಸುತ್ತೇವೆ.

ತಲೆ ಕತ್ತರಿಸುವ ಯಂತ್ರ ಗಿಲೊಟಿನ್ ಬರುವ ಭಾಗದಲ್ಲಿ ಮಾತ್ರ ಈ ಸೂತ್ರ ನಡೆಯದು. ಹೆನ್ರಿಯೆಟ್‌ಗೂ ಅವಳನ್ನು ಪ್ರೀತಿಸಿದ ವೋದ್ರೆಗೂ ಮರಣದಂಡನೆಯಾಗಿದೆ. ಕ್ಷಮಾದಾನ ಹಿಡಿದು ಫ್ರೆಂಚ್ ಕ್ರಾಂತಿಯ ನಾಯಕ ಡಾಂಟನ್ ಕುದುರೆ ಓಡಿಸುತ್ತಿದ್ದಾನೆ. ಕತ್ತಿ, ಕುದುರೆ, ಮುಖ ಎಂದು ಗ್ರಿಫಿತ್ ಶಾಟುಗಳನ್ನು ಹೆಣೆದಿರುವ ಲಯಕ್ಕೆ ಒಂದು ಉದ್ದ ಕಾರ್ಡು ಸಾಕು, ಕುದುರೆ ನಿಂತೇಬಿಟ್ಟಂತೆ ಆಗುತ್ತದೆ. ಇಲ್ಲಿ ಮೂಲ ಕಾರ್ಡಿನ ಫ್ರೇಮ್ ಎಣಿಸಿ, 20 ಕಳೆದು, 15ರಿಂದ ಭಾಗಿಸಿ, ಬಂದಷ್ಟೇ ಪದ. 65 ಫ್ರೇಮಿನ ಕಾರ್ಡಿಗೆ ಮೂರೇ ಪದ. ವಿಶೇಷಣ ಮೊದಲು ಹೋಗುತ್ತದೆ. ಹೆಸರು ಎದುರಿನ ಶಾಟಿನಲ್ಲೇ ಇದ್ದರೆ ಅದೂ ಹೋಗುತ್ತದೆ. ಕ್ರಿಯಾಪದಕ್ಕೆ ಕೈ ಹಚ್ಚುವುದಿಲ್ಲ.

ಸಂಗೀತ ಇನ್ನೂ ಶುರುವಾಗಿಲ್ಲ. ಹತ್ತು ಕಾರ್ಡು ಒಂದೊಂದೇ ಸೆಕೆಂಡು ಹಿಗ್ಗಿದರೂ ಕೊನೆಗೆ ವಾದ್ಯ ಚಿತ್ರಕ್ಕಿಂತ 10 ಸೆಕೆಂಡು ಮುಂದೆ ಓಡಿರುತ್ತದೆ. ಅದಕ್ಕೇ ಎಲ್ಲ ಕಾರ್ಡಿನ ಫ್ರೇಮ್ ಪಟ್ಟಿ ಅಂತಿಮವಾದ ಮೇಲಷ್ಟೇ ವಾದಕರಿಗೆ ಫೈಲು.