ಬೀಜದಿಂದ ಹುಣಸೆ ಬೋನ್ಸಾಯ್: ಮೊದಲು ಬುಡ, ಆಮೇಲೆ ತಟ್ಟೆ

ರೆಡ್‌ವುಡ್ ಬೀಜದ ಪೊಟ್ಟಣ ತರಿಸಿ ವಿಜಯಪುರದಲ್ಲಿ ಬೋನ್ಸಾಯ್, ಅಂದರೆ ತಟ್ಟೆಯಂಥ ಆಳವಿಲ್ಲದ ಕುಂಡದಲ್ಲಿ ಕುಳ್ಳಗೆ ಬೆಳೆಸುವ ಮರ, ಮಾಡಬಹುದೇ ಎಂದು ಕೇಳುವವರಿದ್ದಾರೆ. ಕ್ಯಾಲಿಫೋರ್ನಿಯಾದ ಕಡಲಂಚಿನ ಆ ಮರ ಬೇಸಿಗೆಯಲ್ಲೂ ಮಂಜು ಕಂಡದ್ದು. ಎಲೆಯಿಂದಲೇ ಮಂಜಿನ ನೀರು ಹೀರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಒಣಬಿಸಿಲಿನಲ್ಲಿ ಅದನ್ನು ಕುಂಡದಲ್ಲಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ. ಬೀಜದಿಂದಲೇ ಬೆಳೆಸುವ ಆಸೆಯಿದ್ದರೆ ಹುಣಸೆ ಹಾಕಿ. ಬೇಗ ಬಿರುಕು ಬಿಡುವ ತೊಗಟೆ, ಮೊದಲೇ ಸಣ್ಣಗಿರುವ ಎಲೆ, ಕಡಿದಲ್ಲಿ ಚಿಗುರುವ ಗುಣ, ಎಲ್ಲವೂ ಇದರಲ್ಲಿವೆ.

ಬೇಸಿಗೆಗೆ ಮುಂಚೆ ಮನೆಮನೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಾರಲ್ಲ, ಆಗಲೇ ಎತ್ತಿಟ್ಟುಕೊಳ್ಳಿ. ದುಂಡನೆಯ ಸಣ್ಣ ತೂತಿದ್ದರೆ ಹುಳ ಒಳಗೆ ತಿಂದಿದೆ ಎಂದರ್ಥ, ಬಿಸಾಡಿ. ಒಂದು ಬದಿಯ ಸಿಪ್ಪೆಯನ್ನು ಒರಟು ಕಲ್ಲಿಗೆ ತುಸು ಉಜ್ಜಿ, 24 ತಾಸು ನೀರಲ್ಲಿ ನೆನೆಸಿ, ಒಂದೂವರೆ ಸೆಂಟಿಮೀಟರ್ ಆಳಕ್ಕೆ ಊರಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಮುಂದಿನ ಹಂತದಲ್ಲಿ ಕೆಲವು ಸಾಯುತ್ತವೆ, ಹಾಗಾಗಿ 15–20 ಬೀಜ ಹಾಕಿ.

ಆ ಹಂತವೆಂದರೆ ತಾಯಿಬೇರು ಕತ್ತರಿಸುವುದು. ಹೆಚ್ಚಿನವರು ತಪ್ಪುವುದೂ ಇಲ್ಲೇ. ಹುಣಸೆಯ ತಾಯಿಬೇರು ನೇರ ಕೆಳಗಿಳಿಯುತ್ತದೆ. ಬಿಟ್ಟರೆ ಕುಂಡದ ತಳಕ್ಕೆ ಬಡಿದು ಸುರುಳಿ ಸುತ್ತುತ್ತದೆ, ಬುಡದ ಸುತ್ತ ಹರಡಬೇಕಾದ ಬೇರುಗಳು ಹುಟ್ಟುವುದೇ ಇಲ್ಲ. ನಾಲ್ಕು ವರ್ಷದ ಮೇಲೆ ಕತ್ತರಿಸಲು ಹೋದರೆ ಗಿಡವನ್ನೇ ಕಳೆದುಕೊಳ್ಳುವ ಭಯ. ದಪ್ಪ ಬೀಜದಳ ಇನ್ನೂ ಉದುರದೆ, ಎರಡು ಮೂರು ನಿಜವಾದ ಎಲೆ ಬಿಚ್ಚಿದಾಗ ಸಸಿಯನ್ನು ಮೆಲ್ಲಗೆ ಎತ್ತಿ, ಹೊಸ ಬ್ಲೇಡಿನಿಂದ 2–3 ಸೆಂಟಿಮೀಟರ್ ಬೇರು ಉಳಿಸಿ ಕತ್ತರಿಸಿ. ಕತ್ತರಿ ಬೇಡ, ಬೇರು ಜಜ್ಜುತ್ತದೆ. ಬುಡದಿಂದ ನಾಲ್ಕು ಬೆರಳು ಕೆಳಗೆ ಒಂದು ಹೆಂಚಿನ ಚೂರು ಅಡ್ಡಲಾಗಿಟ್ಟು ಅದರ ಮೇಲೆ ನೆಟ್ಟು, ಎರಡು ವಾರ ನೆರಳಲ್ಲಿಡಿ. ಮುಂದಿನ ವರ್ಷ ಎತ್ತಿ ಮಣ್ಣು ಉದುರಿಸಿ ನೋಡಿ: ಕೆಲಸ ಸರಿಯಾಗಿದ್ದರೆ ಬೇರುಗಳು ಚಕ್ಕಡಿ ಗಾಲಿಯ ಕಡ್ಡಿಗಳ ಹಾಗೆ ಸುತ್ತಲೂ ಚಾಚಿರುತ್ತವೆ. ಒಂದೇ ಕಡೆ ದಪ್ಪಗಾದ ಬೇರಿದ್ದರೆ ಅದನ್ನು ಅರ್ಧಕ್ಕೆ ತುಂಡರಿಸಿ, ಇಲ್ಲದಿದ್ದರೆ ಉಳಿದವುಗಳ ಪಾಲನ್ನೂ ಅದೇ ಕಸಿದುಕೊಳ್ಳುತ್ತದೆ.

ಮಣ್ಣಿನ ವಿಷಯ. ಹೊಲದಲ್ಲಿ ಎರೆಮಣ್ಣು ಬಂಗಾರ, ಕುಂಡದಲ್ಲಿ ಮಾತ್ರ ಬೇಡ. ನೀರು ಬಿದ್ದರೆ ಅಂಟು, ಒಣಗಿದರೆ ಬಿರುಕು. ಬಿರುಕು ಬಿಡುವಾಗ ಎಳೆಬೇರು ಹರಿಯುತ್ತವೆ, ಅಂಟಿದಾಗ ಕೊಳೆಯುತ್ತವೆ. ಕುಟ್ಟಿದ ಇಟ್ಟಿಗೆ 5 ಪಾಲು, ಗರಸು 3 ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 2 ಪಾಲು. ಇಟ್ಟಿಗೆಯನ್ನು ಜರಡಿ ಹಿಡಿದು ಜೋಳದ ಕಾಳಿನಷ್ಟು ದಪ್ಪದ್ದನ್ನು ಇಟ್ಟುಕೊಂಡು, ಹಿಟ್ಟಾದ ಪುಡಿಯನ್ನು ಚೆಲ್ಲಿ. ಆ ಪುಡಿ ಉಳಿದರೆ ತಳದಲ್ಲಿ ಕೆಸರಾಗಿ ಕೂರುತ್ತದೆ.

ಇನ್ನು ಕಾಂಡ. ಸಣ್ಣ ತಟ್ಟೆಯಲ್ಲಿ ಕಾಂಡ ದಪ್ಪವಾಗುವುದಿಲ್ಲ. ಎರಡನೇ ವರ್ಷದ ಗಿಡ ಚೆಂದ ಕಂಡಿತೆಂದು ತಟ್ಟೆಗೇರಿಸಿದರೆ ಹತ್ತು ವರ್ಷದ ಮೇಲೂ ಅದು ಕಡ್ಡಿಯೇ. ನೆಲದಲ್ಲೋ ಅಗಲವಾದ ಗ್ರೋಬ್ಯಾಗಿನಲ್ಲೋ ನೆಟ್ಟು, ತುದಿ ಆಳೆತ್ತರ ಹೋದರೂ ಹೋಗಲಿ ಬಿಡಿ. ಆ ಎತ್ತರವೆಲ್ಲ ಮುಂದೆ ಕಡಿದುಹಾಕುವುದೇ, ಬುಡ ದಪ್ಪವಾಗುವುದು ಅದರಿಂದಲೇ. ನೆಲದಲ್ಲಿದ್ದರೆ ವರ್ಷಕ್ಕೊಮ್ಮೆ ಸುತ್ತಲೂ ಗುದ್ದಲಿ ಇಳಿಸಿ ದೂರ ಹೋದ ಬೇರು ಕಡಿಯಿರಿ. ಬುಡ ಬೇಕಾದಷ್ಟು ದಪ್ಪವಾದ ಮೇಲೆ, ಮುಂಗಾರು ಶುರುವಾಗುವ ಹೊತ್ತಿಗೆ, ಕೆಳಗಿನ ಒಂದು ಟೊಂಗೆಯ ಮೇಲ್ಗಡೆ ಓರೆಯಾಗಿ ಕಾಂಡ ಕತ್ತರಿಸಿ. ಆ ಟೊಂಗೆಯೇ ಹೊಸ ತುದಿ. ಅದು ಕೆಳಗಿನ ಕಾಂಡದ ಅರ್ಧದಷ್ಟು ದಪ್ಪವಾದಾಗ ಮತ್ತೆ ಕಡಿಯಿರಿ. ಹೀಗೆ ಮಾಡಿದರೇ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಹಳೇ ಮರದ ಆಕಾರ. ಬುಡ 5 ಸೆಂಟಿಮೀಟರ್ ಇದ್ದರೆ ಕೊನೆಗೆ ಎತ್ತರ 30ರ ಹತ್ತಿರ ನಿಲ್ಲಿಸುವುದು ರೂಢಿ. ಗಾಯಕ್ಕೆ ಮೇಣ ಹಚ್ಚುವುದನ್ನು ಮರೆಯಬೇಡಿ.

ಹುಣಸೆ ಟೊಂಗೆ ಹಸಿರಾಗಿದ್ದಾಗ ಹೇಳಿದ ಹಾಗೆ ಬಾಗುತ್ತದೆ, ಕಂದು ಬಣ್ಣಕ್ಕೆ ತಿರುಗಿ ಬಲಿತರೆ ಟಪ್ಪನೆ ಮುರಿಯುತ್ತದೆ. ತಂತಿ ಸುತ್ತುವುದಾದರೆ ನಡುವಿನ ಹದದಲ್ಲೇ ಸುತ್ತಿ. ಅಲ್ಯೂಮಿನಿಯಂ ತಂತಿ ಟೊಂಗೆಯ ಮೂರನೇ ಒಂದರಷ್ಟು ದಪ್ಪವಿದ್ದರೆ ಸಾಕು. ಮಳೆಗಾಲದಲ್ಲಿ ಟೊಂಗೆ ಬೇಗ ಉಬ್ಬುತ್ತದೆ; ವಾರಕ್ಕೊಮ್ಮೆ ನೋಡಿ, ತಂತಿ ತೊಗಟೆಗೆ ಕಚ್ಚುವ ಮುಂಚೆ ತುಂಡುತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಟೊಂಗೆ ಮುರಿಯುತ್ತದೆ.

ಸಂಜೆ ಎಲೆ ಮಡಚಿಕೊಳ್ಳುವುದು ಈ ಮರದ ಸ್ವಭಾವ, ಬಾಡಿತೆಂದು ನೀರು ಸುರಿಯಬೇಡಿ. ಬೆರಳು ಮಣ್ಣಿಗಿಳಿಸಿ ನೋಡಿ. ಬೋರಿನ ಸವಳು ನೀರನ್ನೇ ಹಾಕುತ್ತಿದ್ದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿ, ಎಲೆಯ ಅಂಚು ಸುಡುತ್ತದೆ. ಮಳೆನೀರು ಹಿಡಿದಿಟ್ಟು, ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರಾಳ ಹರಿದುಹೋಗುವಷ್ಟು ಹಾಕಿ. ಹುಣಸೆಗೆ ಬಿಸಿಲು ಬೇಕೇ ಬೇಕು, ಆದರೆ ಕಾದ ಮಾಳಿಗೆಯ ಮೇಲೆ ನೇರ ಇಟ್ಟ ಕುಂಡದಲ್ಲಿ ಬೇರು ಬೇಯುತ್ತದೆ. ಹಲಗೆಯ ಮೇಲಿಡಿ, ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅರ್ಧ ಬಿಸಿಲು ತಡೆಯುವ ನೆಟ್ ಕಟ್ಟಿ.

ತಟ್ಟೆಗೇರಿಸುವ ಕೆಲಸ ಕಟ್ಟಕಡೆಗೆ, ಮೊಗ್ಗು ಉಬ್ಬಿ ಇನ್ನೂ ಚಿಗುರೊಡೆಯದ ಹೊತ್ತಿನಲ್ಲಿ. ತಟ್ಟೆಯ ಆಳ ಬುಡದ ದಪ್ಪದಷ್ಟಿದ್ದರೆ ಸರಿ. ತೂತಿಗೆ ಜಾಳಿಗೆ ಹಾಕಿ, ಬೇರಿನ ಗಡ್ಡೆಯನ್ನು ಕೆಳಗಿನಿಂದ ತಂದ ತಂತಿಯಿಂದ ಬಿಗಿದು ಕಟ್ಟಿ. ಗಾಳಿಗೆ ಗಿಡ ಅಲುಗಿದರೆ ಹೊಸ ಬೇರು ಹಿಡಿಯುವುದಿಲ್ಲ. ಎರಡು ವಾರ ನೆರಳು. ಒಂದು ತಿಂಗಳು ಗೊಬ್ಬರ ಮುಟ್ಟಿಸಬೇಡಿ.